ರಜೆಯ ಗದ್ದಲದಲ್ಲಿ ದೋಣಿ ಹತ್ತುವ ಮುನ್ನ: ಕರಾವಳಿಗೆ, ಹಿನ್ನೀರಿಗೆ ಹೊರಟವರಿಗೊಂದು ಮಾರ್ಗದರ್ಶಿ

ಡಿಸೆಂಬರ್ ಹತ್ತಿರ ಬಂತೆಂದರೆ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಮಕ್ಕಳ ಜೊತೆ ಹೊನ್ನಾವರಕ್ಕೆ ಹೋಗ್ತಿದ್ದೇವೆ, ಬೋಟಿಂಗ್ ಮಾಡಿಸಬಹುದಾ?’ ‘ಅಪ್ಪ ಅಮ್ಮನನ್ನು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋದರೆ ತೊಂದರೆ ಇಲ್ವಾ?’

ಧಾರಾಳವಾಗಿ ಹೋಗಬಹುದು. ಶರಾವತಿಯ ಹಿನ್ನೀರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕದಲ್ಲೇ ದೋಣಿಯಲ್ಲಿ ಸಾಗುವ ಒಂದು ಗಂಟೆಯನ್ನು ಮಕ್ಕಳು ವರ್ಷಗಟ್ಟಲೆ ಮರೆಯುವುದಿಲ್ಲ. ಆದರೆ ಯಾವ ದೋಣಿ, ಯಾವ ಹೊತ್ತು, ಎಷ್ಟು ಜನ ಎಂಬುದನ್ನು ನೋಡದೆ ಹತ್ತಬೇಡಿ. ಮಳೆಗಾಲದಲ್ಲಿ ನಿಂತ ಪ್ರವಾಸಿ ದೋಣಿಗಳು ಅಕ್ಟೋಬರ್ ಆಸುಪಾಸಿನಲ್ಲಿ ಮತ್ತೆ ನೀರಿಗಿಳಿಯುತ್ತವೆ. ಅಲ್ಲಿಂದ ಮೇ ತನಕ ಸೀಸನ್. ಅದರಲ್ಲೂ ದಸರಾ, ಕ್ರಿಸ್‌ಮಸ್ ವಾರ, ಸಂಕ್ರಾಂತಿ, ಬೇಸಿಗೆ ರಜೆಗಳಲ್ಲಿ ದಕ್ಕೆಯ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ದಕ್ಕೆ ಅಂದರೆ ದೋಣಿ ಕಟ್ಟುವ, ಜನ ಹತ್ತಿ ಇಳಿಯುವ ಕಟ್ಟೆ. ಗದ್ದಲ ಜಾಸ್ತಿಯಾದಾಗ ಎಲ್ಲರಿಗೂ ಅವಸರ. ಟಿಕೆಟ್ ಕೊಡುವವರಿಗೆ, ದೋಣಿ ನಡೆಸುವವರಿಗೆ, ಸಾಲಿನಲ್ಲಿ ನಿಂತ ನಮಗೂ. ಅನಾಹುತಗಳು ಹೆಚ್ಚಾಗಿ ಈ ಅವಸರದಲ್ಲೇ ಆಗುತ್ತವೆ.

2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮೀನುಗಾರಿಕೆಯ ದೋಣಿಯನ್ನೇ ಮಾರ್ಪಾಡು ಮಾಡಿ ಓಡಿಸುತ್ತಿದ್ದ ಪ್ರವಾಸಿ ದೋಣಿ ಮುಳುಗಿ 22 ಜನ ಹೋದರು. ಆಗ ಕತ್ತಲಾಗಿತ್ತು, ದೋಣಿಯಲ್ಲಿ ಮಿತಿ ಮೀರಿ ಜನರಿದ್ದರು. ಇಂಥವನ್ನು ನೀರಿಗಿಳಿದ ಮೇಲೆ ಸರಿಪಡಿಸಲು ಆಗುವುದಿಲ್ಲ. ದಕ್ಕೆಯ ಮೇಲೆ ನಿಂತಿರುವಷ್ಟು ಹೊತ್ತು ಮಾತ್ರ ‘ನಾವು ಈ ದೋಣಿ ಹತ್ತಲ್ಲ’ ಅನ್ನುವ ಅವಕಾಶ ನಿಮ್ಮ ಕೈಯಲ್ಲಿರುತ್ತದೆ. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ದೋಣಿ ಹತ್ತುವುದಕ್ಕಿಂತ ಮುಂಚಿನದ್ದು.

1. ದಿನ ಮತ್ತು ಹೊತ್ತು ಗೊತ್ತುಮಾಡಿಕೊಳ್ಳಿ

ಸಾಧ್ಯವಿದ್ದರೆ ಶನಿವಾರ, ಭಾನುವಾರ ಬಿಟ್ಟು ಹೋಗಿ. ಅದಾಗದಿದ್ದರೆ ಬೆಳಿಗ್ಗೆಯ ಮೊದಲ ದೋಣಿಗಳನ್ನು ಹಿಡಿಯಿರಿ. ಕಡಿಮೆ ಜನ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಗಾಳಿ. ಚಳಿಗಾಲದಲ್ಲಿ ನಮ್ಮ ಕರಾವಳಿಯ ಸಮುದ್ರ ಬೆಳಿಗ್ಗೆ ತಣ್ಣಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ, ಅದರ ಜೊತೆ ಅಲೆಯೂ. ಬೆಳಿಗ್ಗೆ ಹೋಗುವಾಗ ಅಲುಗಾಡದ ದೋಣಿ ಮೂರು ಗಂಟೆಗೆ ವಾಪಸ್ ಬರುವಾಗ ಚೆನ್ನಾಗಿಯೇ ಕುಣಿಯುತ್ತದೆ. ವಯಸ್ಸಾದವರು ಜೊತೆಗಿದ್ದರೆ ಇದು ನೆನಪಿರಲಿ.

ಎರಡನೆಯದು ಉಬ್ಬರ ಮತ್ತು ಇಳಿತ. ದಿನಕ್ಕೆ ಎರಡು ಸಲ ಸಮುದ್ರದ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿಕೆಗೂ ಇಳಿಕೆಗೂ ನಡುವೆ ಸುಮಾರು ಆರು ಗಂಟೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಈ ಏರಿಳಿತ ಜೋರು. ನೀವು ಜೋಪಾನವಾಗಿರಬೇಕಾದ ಜಾಗ ಅಳಿವೆ, ಅಂದರೆ ನದಿ ಸಮುದ್ರಕ್ಕೆ ಸೇರುವ ಬಾಯಿ. ಇಳಿತದ ಹೊತ್ತಿನಲ್ಲಿ ನದಿಯ ನೀರು ರಭಸದಿಂದ ಹೊರಗೆ ಹರಿಯುತ್ತದೆ, ಎದುರಿನಿಂದ ಸಮುದ್ರದ ಅಲೆ ಬರುತ್ತದೆ. ಎರಡೂ ಡಿಕ್ಕಿಯಾಗಿ ಅಲ್ಲಿ ಕಡಿದಾದ, ಗೊತ್ತುಗುರಿಯಿಲ್ಲದ ಅಲೆಗಳು ಏಳುತ್ತವೆ. ನೀರಿನಡಿಯ ಮರಳದಿಬ್ಬಗಳೂ ವರ್ಷದಿಂದ ವರ್ಷಕ್ಕೆ ಜಾಗ ಬದಲಿಸುತ್ತವೆ. ಹಾಗಾಗಿ ಹೊನ್ನಾವರದ ಶರಾವತಿ, ಕಾರವಾರದ ಕಾಳಿ, ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆ, ಇಲ್ಲೆಲ್ಲ ದೋಣಿ ನಡೆಸುವವರು ‘ಇವತ್ತು ಅಳಿವೆ ಕಡೆ ಹೋಗಲ್ಲ’ ಅಂದರೆ ಒತ್ತಾಯ ಮಾಡಬೇಡಿ. ‘ದುಡ್ಡು ಜಾಸ್ತಿ ಕೊಡ್ತೀವಿ, ಸಮುದ್ರದ ತನಕ ಕರ್ಕೊಂಡು ಹೋಗಿ’ ಅನ್ನುವ ಮಾತು ಎಷ್ಟೋ ಸಲ ಪ್ರವಾಸಿಗರ ಬಾಯಿಂದಲೇ ಬರುತ್ತದೆ. ಅದನ್ನು ಆಡಲೇಬೇಡಿ.

ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಎಂಬ ಕೇಂದ್ರ ಸಂಸ್ಥೆ ಎತ್ತರದ ಅಲೆಗಳ ಎಚ್ಚರಿಕೆ ಕೊಡುತ್ತದೆ. ಉಬ್ಬರದ ವೇಳಾಪಟ್ಟಿಯೂ ಅಲ್ಲಿ ಸಿಗುತ್ತದೆ. ಮೀನುಗಾರರಿಗೆ ‘ಕಡಲಿಗೆ ಇಳಿಯಬೇಡಿ’ ಎಂಬ ಸೂಚನೆ ಇದ್ದ ದಿನ ನಿಮ್ಮ ಟಿಕೆಟ್ ದುಡ್ಡು ಹೋದರೂ ಪರವಾಗಿಲ್ಲ, ಹೋಗಬೇಡಿ.

ವಾಪಸಾಗುವ ಸಮಯವನ್ನೂ ಈಗಲೇ ಗಟ್ಟಿ ಮಾಡಿ. ಡಿಸೆಂಬರಿನಲ್ಲಿ ಆರು ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ. ಸೂರ್ಯಾಸ್ತ ನೋಡುವ ಆಸೆ ಎಲ್ಲರಿಗೂ ಇರುತ್ತದೆ, ಅದನ್ನು ದಡದಿಂದ ನೋಡಿ. ಕತ್ತಲಲ್ಲಿ ನೀರಿಗೆ ಬಿದ್ದವರನ್ನು ಹುಡುಕುವುದು ಬಲು ಕಷ್ಟ.

2. ಬಟ್ಟೆ, ಬ್ಯಾಗು

ಇದು ಚಿಕ್ಕ ವಿಷಯ. ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳದ ಬಟ್ಟೆ ಹಾಕಿ. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಲೈಫ್ ಜಾಕೆಟ್ಟನ್ನು ಅದರ ಮೇಲೆ ಹಾಕಿ. ಬಿಚ್ಚಲು ಸುಲಭವಾದ ಚಪ್ಪಲಿ ಸಾಕು. ಭಾರದ ಬ್ಯಾಗನ್ನು ಬೆನ್ನಿಗೆ ಬಿಗಿದುಕೊಂಡು ಕೂರಬೇಡಿ, ಕಾಲ ಬಳಿ ಇಡಿ. ಮಾತ್ರೆ, ನೀರಿನ ಬಾಟಲಿ, ಕಸ ಹಾಕಿಕೊಳ್ಳಲು ಒಂದು ಚೀಲ. ಹೊಟ್ಟೆ ತೊಳಸುವವರು ಹತ್ತುವ ಅರ್ಧ ಗಂಟೆ ಮುಂಚೆಯೇ ಮಾತ್ರೆ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ.

3. ದೋಣಿಯನ್ನು ದಡದಿಂದಲೇ ಓದಿ

ಟಿಕೆಟ್ ತೆಗೆಯುವ ಮುಂಚೆ ಎರಡು ನಿಮಿಷ ನಿಂತು ನೋಡಿ. ತಜ್ಞರಾಗಬೇಕಾಗಿಲ್ಲ.

ನೋಂದಣಿ ಸಂಖ್ಯೆ ಮತ್ತು ಎಷ್ಟು ಜನರಿಗೆ ಪರವಾನಗಿ ಎಂಬ ಬರಹ ದೋಣಿಯ ಮೇಲೆ ಇದೆಯೇ ನೋಡಿ. ಕಾಣದಿದ್ದರೆ ಕೇಳಿ: ‘ಅಣ್ಣಾ, ಇದರಲ್ಲಿ ಎಷ್ಟು ಜನಕ್ಕೆ ಪರ್ಮಿಷನ್?’ ತಟ್ಟನೆ ಒಂದು ಸಂಖ್ಯೆ ಬರಬೇಕು. ‘ಎಷ್ಟಾದ್ರೂ ಹಿಡಿಸುತ್ತೆ’ ಅನ್ನುವ ಉತ್ತರ ಬಂದರೆ ಅಲ್ಲಿಂದ ಹೊರಡಿ. ಜನ ಹತ್ತುವಾಗ ನೀವೇ ಎಣಿಸಿ. ಇಲ್ಲೊಂದು ಮೋಸ ಸಾಮಾನ್ಯ: ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಥವಾ ಇಬ್ಬರು ಮಕ್ಕಳನ್ನು ಒಬ್ಬರೆಂದು ಹಿಡಿಯುತ್ತಾರೆ. ದೋಣಿ ಮಗುಚಿದರೆ ಪ್ರತಿ ಮಗುವಿಗೂ ಒಂದೊಂದು ಜಾಕೆಟ್ ಬೇಕು, ಹಿಡಿಯಲು ಒಂದೊಂದು ಕೈ ಬೇಕು. ಹಾಗಾಗಿ ಪ್ರತಿ ತಲೆಯೂ ಒಂದು ತಲೆ.

ಆಮೇಲೆ ದೋಣಿಯ ಅಂಚಿಗೂ ನೀರಿಗೂ ನಡುವಿನ ಎತ್ತರ ನೋಡಿ. ಜನ ತುಂಬುತ್ತಾ ಹೋದಂತೆ ಈ ಅಂತರ ಕಡಿಮೆಯಾಗುತ್ತದೆ. ನಿಂತ ನೀರಿನಲ್ಲೇ ಅಂಚು ನೀರಿನಿಂದ ಒಂದೇ ಗೇಣು ಮೇಲಿದ್ದರೆ ಪಕ್ಕದಲ್ಲೊಂದು ಸ್ಪೀಡ್ ಬೋಟ್ ಹೋದ ಅಲೆಗೇ ನೀರು ಒಳಗೆ ಬರುತ್ತದೆ. ದೋಣಿ ಒಂದು ಬದಿಗೆ ವಾಲಿ ನಿಂತಿದ್ದರೆ, ತಳದಲ್ಲಿ ನೀರು ಓಲಾಡುತ್ತಿದ್ದರೆ ಹತ್ತಬೇಡಿ.

ಮಹಡಿ ಇರುವ ದೋಣಿಗಳ ಬಗ್ಗೆ ನನ್ನ ಅಭಿಪ್ರಾಯ ಖಡಕ್ ಆಗಿದೆ. ಸಣ್ಣ ದೋಣಿಗೆ ಮೇಲೊಂದು ಅಟ್ಟ ಕಟ್ಟಿ ಜನರನ್ನು ಹತ್ತಿಸುತ್ತಿದ್ದರೆ ಅದರಲ್ಲಿ ಹೋಗಬೇಡಿ. ಭಾರ ಮೇಲಕ್ಕೆ ಹೋದಷ್ಟೂ ದೋಣಿ ಉರುಳುವುದು ಸುಲಭ. ಮಹಡಿಯ ಮೇಲೆ ಎಲ್ಲರೂ ಒಂದೇ ಬದಿಗೆ ಹೋದರಂತೂ ಮುಗಿಯಿತು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಎರಡು ಅಂತಸ್ತಿನ ‘ಜಲಕನ್ಯಕ’ ದೋಣಿ ಮಗುಚಿ 45 ಜನ ಸತ್ತದ್ದನ್ನು ನೆನಪಿಸಿಕೊಳ್ಳಿ. ಗಾಜಿನ ಕಿಟಕಿ, ಎಸಿ ಇರುವ ಮುಚ್ಚಿದ ಕೋಣೆಯೂ ಅಪಾಯವೇ. ದೋಣಿ ಮಗುಚಿದಾಗ ಜಾಕೆಟ್ ನಿಮ್ಮನ್ನು ಮೇಲಕ್ಕೆ ತಳ್ಳುತ್ತದೆ. ನೀವು ಕೋಣೆಯೊಳಗಿದ್ದರೆ ಆ ‘ಮೇಲೆ’ ಅನ್ನುವುದು ಮುಚ್ಚಿದ ತಳವಾಗಿರುತ್ತದೆ. ತೆರೆದ ಜಾಗದಲ್ಲಿ, ಇಲ್ಲವೇ ಬಾಗಿಲ ಪಕ್ಕದಲ್ಲೇ ಕುಳಿತುಕೊಳ್ಳಿ.

ಕೊನೆಗೆ, ದೋಣಿ ನಡೆಸುವವರ ಬಳಿ ಹೋಗಿ ಎರಡು ಮಾತಾಡಿ. ಎಷ್ಟು ಹೊತ್ತಿನ ಸುತ್ತು, ಯಾವ ಕಡೆ ಹೋಗುತ್ತೀರಿ ಅಂತ ಸುಮ್ನೆ ಕೇಳಿ. ಕುಡಿದಿದ್ದರೆ ಅಷ್ಟರಲ್ಲೇ ಗೊತ್ತಾಗುತ್ತದೆ.

4. ಲೈಫ್ ಜಾಕೆಟ್ ಸರಿಯಾಗಿ ಹಾಕಿ

ಓದುಗರು ಜಾಸ್ತಿ ತಪ್ಪುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಈಜು ಬರುವವರಿಗೂ ಜಾಕೆಟ್ ಬೇಕು. ದೋಣಿ ಉರುಳಿದಾಗ ತಲೆಗೆ ಪೆಟ್ಟು ಬೀಳಬಹುದು, ಗಾಬರಿಯಲ್ಲಿ ಇನ್ನೊಬ್ಬರು ನಿಮ್ಮನ್ನು ಅಪ್ಪಿ ಹಿಡಿಯಬಹುದು. ಆಗ ನಿಮ್ಮ ಈಜು ಉಪಯೋಗಕ್ಕೆ ಬರುವುದಿಲ್ಲ.

ರಾಶಿಯಿಂದ ಕೈಗೆ ಸಿಕ್ಕ ಜಾಕೆಟ್ ಎತ್ತಿಕೊಳ್ಳಬೇಡಿ. ಹೀಗೆ ನೋಡಿ:

— ಹೆಬ್ಬೆರಳಿನಿಂದ ಒತ್ತಿ. ಒಳಗಿನ ಫೋಮ್ ಮತ್ತೆ ಉಬ್ಬಬೇಕು. ಚಪ್ಪಟೆಯಾಗಿ, ಪುಡಿಯಾಗಿದ್ದರೆ, ನೀರು ಕುಡಿದು ಭಾರವಾಗಿದ್ದರೆ ಬೇರೆ ಕೇಳಿ.

— ಒಳಗಡೆ ಒಂದು ಚೀಟಿ ಇರುತ್ತದೆ, ಎಷ್ಟು ಕಿಲೋ ತೂಕದವರಿಗೆ ಎಂದು. ‘100 ಎನ್’, ‘150 ಎನ್’ ಎಂಬ ಗುರುತೂ ಇರಬಹುದು. ಅದು ತೇಲಿಸುವ ಬಲದ ಅಳತೆ. ‘50 ಎನ್’ ಅಂದಿದ್ದರೆ ಅದು ಈಜು ಬಲ್ಲವರಿಗೆ, ದಡದ ಹತ್ತಿರ ಬಳಸಲು ಮಾಡಿದ್ದು. ಕಡಲಿಗೆ, ಈಜು ಬಾರದವರಿಗೆ ಅದು ಸಾಲದು.

— ಎಲ್ಲ ಬಕಲ್‌ಗಳನ್ನೂ ಟಕ್ ಅನ್ನುವ ತನಕ ಹಾಕಿ, ಪಟ್ಟಿಗಳನ್ನು ಎಳೆದು ಬಿಗಿ ಮಾಡಿ. ಬಕಲ್ ಮುರಿದು ದಾರ ಕಟ್ಟಿದ ಜಾಕೆಟ್ ಬೇಡ.

— ಈಗ ಪರೀಕ್ಷೆ. ಜೊತೆಗಿರುವವರಿಗೆ ಹೇಳಿ, ಜಾಕೆಟ್ಟಿನ ಎರಡೂ ಭುಜದ ಭಾಗ ಹಿಡಿದು ಮೇಲಕ್ಕೆ ಎಳೆಯಲಿ. ಅದು ನಿಮ್ಮ ಗಲ್ಲ ದಾಟಿ ಕಿವಿಯ ತನಕ ಬಂದರೆ ನೀರಿನಲ್ಲಿ ತಲೆಯಿಂದ ಕಳಚಿಯೇ ಹೋಗುತ್ತದೆ. ಬಿಗಿ ಮಾಡಿ, ಅಥವಾ ಚಿಕ್ಕದು ಕೇಳಿ.

ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿ ‘ಹೇಗೋ ಆಗುತ್ತೆ’ ಅನ್ನುವುದು ತೀರಾ ಅಪಾಯ. ಮಗು ಕೆಳಗೆ ಜಾರುತ್ತದೆ, ಜಾಕೆಟ್ ಮಾತ್ರ ತೇಲುತ್ತದೆ. ಮಕ್ಕಳ ಜಾಕೆಟ್ಟಿಗೆ ತೊಡೆಗಳ ನಡುವೆ ಹಾಯುವ ಪಟ್ಟಿ ಇರಬೇಕು. ಕೂಸುಗಳಿಗೆ ಸರಿಹೊಂದುವ ಜಾಕೆಟ್ ನಮ್ಮಲ್ಲಿ ದಕ್ಕೆಗಳಲ್ಲಿ ಸಿಗುವುದು ಅಪರೂಪ. ಹಾಗಾದಾಗ ಮನೆಯವರಲ್ಲಿ ಒಬ್ಬರು ಕೂಸಿನ ಜೊತೆ ದಡದಲ್ಲಿ ಉಳಿಯಿರಿ, ಆಮೇಲೆ ಬದಲಾಯಿಸಿಕೊಳ್ಳಿ. ಕೂಸನ್ನು ಎದೆಗೆ ಕಟ್ಟಿಕೊಂಡು ಅದರ ಮೇಲೆ ನೀವು ಜಾಕೆಟ್ ಹಾಕಿಕೊಳ್ಳುವುದಂತೂ ಬೇಡವೇ ಬೇಡ.

ಫೋಟೋ ಚೆನ್ನಾಗಿ ಬರಲಿ ಅಂತ ಮಧ್ಯದಲ್ಲಿ ಬಿಚ್ಚಬೇಡಿ. ಸೆಕೆಯಾದರೂ ಇರಲಿ. ಮಳೆಗಾಲದ ರೈನ್‌ಕೋಟ್ ಥರ ಬೇಕೆಂದಾಗ ಹಾಕಿಕೊಳ್ಳೋಣ ಅಂದರೆ, ಬೇಕಾದ ಹೊತ್ತಿಗೆ ಇದನ್ನು ಹಾಕಿಕೊಳ್ಳಲು ಟೈಮ್ ಇರುವುದಿಲ್ಲ.

5. ಹತ್ತುವುದು, ಕೂರುವುದು

ದೋಣಿ ಕಟ್ಟಿರುವಾಗ ಮಾತ್ರ ಹತ್ತಿ. ಒಬ್ಬೊಬ್ಬರಾಗಿ, ದೋಣಿಯ ನಡುಭಾಗದಲ್ಲಿ ಹೆಜ್ಜೆ ಇಡಿ. ಅಂಚಿನ ಮೇಲೆ ಕಾಲಿಟ್ಟರೆ ದೋಣಿ ವಾಲುತ್ತದೆ. ದಕ್ಕೆಗೂ ದೋಣಿಗೂ ನಡುವೆ ಕೈ ಕಾಲು ಇಡಬೇಡಿ, ಒಂದು ಸಣ್ಣ ಅಲೆಗೆ ಜಜ್ಜಿ ಹೋಗುತ್ತದೆ. ಸೇಂಟ್ ಮೇರೀಸ್‌ನಂಥ ಕಡೆ ದೊಡ್ಡ ದೋಣಿಯಿಂದ ಚಿಕ್ಕದಕ್ಕೆ ದಾಟಬೇಕಾಗಿ ಬಂದರೆ ಸಹಾಯಕರ ಕೈ ಹಿಡಿದೇ ದಾಟಿ, ಅಲೆ ತಗ್ಗುವ ಕ್ಷಣಕ್ಕೆ ಕಾಯಿರಿ.

ಕೂತ ಮೇಲೆ ಕೂತೇ ಇರಿ. ಡಾಲ್ಫಿನ್ ಕಂಡಿತು ಅಂತ ಯಾರೋ ಕೂಗಿದ ಕೂಡಲೇ ಎಲ್ಲರೂ ಎದ್ದು ಆ ಬದಿಗೆ ಓಡುವುದು ಸಹಜ, ಅಪಾಯವೂ ಅದೇ. ದೋಣಿ ನಡೆಸುವವರು ತಿರುಗಿಸಿ ತೋರಿಸುತ್ತಾರೆ, ಕಾಯಿರಿ. ಸೆಲ್ಫಿ ಕೂತೇ ತೆಗೆಯಿರಿ.

ಕರಾವಳಿಯ ಹೊರಗಿನ ಒಂದೆರಡು ಮಾತು ಇಲ್ಲೇ ಸೇರಿಸುತ್ತೇನೆ. ಹಂಪಿಯ ಕಡೆ ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರು ‘ಗಿರಗಿರ ತಿರುಗಿಸಿ’ ಅಂತ ಕೇಳುತ್ತಾರೆ. ಮಕ್ಕಳು, ಈಜು ಬಾರದವರು ಇರುವಾಗ ಕೇಳಬೇಡಿ. ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಹರಿಗೋಲೇ ಬೇಡ. ರಂಗನತಿಟ್ಟಿನಲ್ಲಿ ಮೊಸಳೆಗಳಿವೆ, ನೀರಿಗೆ ಕೈ ಇಳಿಬಿಡಬೇಡಿ. ಅಲ್ಲಿ ಹಕ್ಕಿಗಳು ಗೂಡು ಕಟ್ಟಿರುವ ಹೊತ್ತಿನಲ್ಲಿ ಕೂಗಿದರೆ, ಚಪ್ಪಾಳೆ ತಟ್ಟಿದರೆ ಅವು ಮೊಟ್ಟೆ ಮರಿಗಳನ್ನು ಬಿಸಿಲಿಗೆ ಬಿಟ್ಟು ಹಾರುತ್ತವೆ.

ಕಯಾಕ್ ಅಂದರೆ ನೀವೇ ಹುಟ್ಟು ಹಾಕುವ ಪುಟ್ಟ ದೋಣಿ. ಸಾಲಿಗ್ರಾಮದ ಹಿನ್ನೀರಿನಲ್ಲಿ ಇದು ಜನಪ್ರಿಯ. ಮೊದಲು ನೀರಿನ ಹರಿವಿಗೆ ಎದುರಾಗಿ ಹೋಗಿ. ದಣಿದಾಗ ಹರಿವೇ ನಿಮ್ಮನ್ನು ವಾಪಸ್ ತರುತ್ತದೆ. ಉಲ್ಟಾ ಮಾಡಿದವರೇ ಸಿಕ್ಕಿಹಾಕಿಕೊಳ್ಳುವುದು.

6. ನೀರಿನ ಮೇಲಿನ ಮರ್ಯಾದೆ

ನಾವು ರಜೆಗೆ ಹೋಗುವ ನೀರು ಅಲ್ಲಿನವರಿಗೆ ದುಡಿಮೆಯ ಜಾಗ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ತಾನಾಗೇ ಬರುತ್ತದೆ.

ನೀರಿನ ಮೇಲೆ ಸಾಲಾಗಿ ಥರ್ಮಾಕೋಲ್ ತುಂಡುಗಳೋ ಖಾಲಿ ಬಾಟಲಿಗಳೋ ತೇಲುತ್ತಿದ್ದರೆ ಅದನ್ನು ಕಸ ಅಂದುಕೊಳ್ಳಬೇಡಿ. ಅದರ ಕೆಳಗೆ ಬಲೆ ಇಳಿಬಿಟ್ಟಿರುತ್ತಾರೆ. ಮೇಲಿಂದ ಹೋದರೆ ಎಂಜಿನ್ನಿನ ಫ್ಯಾನಿಗೆ ಸಿಕ್ಕಿ ಬಲೆ ಹರಿಯುತ್ತದೆ, ಒಬ್ಬರ ಹಲವು ದಿನದ ದುಡಿಮೆ ಹೋಗುತ್ತದೆ. ನಿಮ್ಮ ದೋಣಿಯೂ ನಡುನೀರಿನಲ್ಲಿ ನಿಲ್ಲುತ್ತದೆ. ಸುತ್ತಿ ಬಳಸಿ ಹೋದರೆ ಐದು ನಿಮಿಷ ತಡವಾಗುತ್ತದೆ, ಗೊಣಗಬೇಡಿ. ದಡದಲ್ಲಿ ಕೈರಂಪಣಿ ಎಳೆಯುತ್ತಿದ್ದರೆ, ಅಂದರೆ ಊರವರು ಸೇರಿ ಉದ್ದದ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರೆ, ಹಗ್ಗ ದಾಟಿ ನಡುವೆ ನುಗ್ಗಬೇಡಿ.

ಇಳಿತದ ಹೊತ್ತಿನಲ್ಲಿ ಹೆಂಗಸರು ಎದೆಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದ ತಡಕಿ ಚಿಪ್ಪು ಆರಿಸುತ್ತಿರುತ್ತಾರೆ. ಪಕ್ಕದಲ್ಲೊಂದು ಪಾತ್ರೆ ತೇಲಿಬಿಟ್ಟಿರುತ್ತಾರೆ. ಸ್ಪೀಡಾಗಿ ಹೋದ ದೋಣಿಯ ಹಿಂದೆ ಏಳುವ ಅಲೆ ಅವರ ಬಾಯಿ ಮೂಗಿಗೆ ನೀರು ನುಗ್ಗಿಸುತ್ತದೆ, ಪಾತ್ರೆ ಮಗುಚುತ್ತದೆ. ಒಬ್ಬರೇ ಕೂತ ಪಾತಿ ದೋಣಿಗೂ ಇದೇ ಕಷ್ಟ. ಅಂಥವರು ಕಂಡರೆ ‘ಸ್ವಲ್ಪ ನಿಧಾನ ಮಾಡಿ’ ಅಂತ ನೀವೇ ಹೇಳಿ. ಪ್ರವಾಸಿಗರು ‘ಸ್ಪೀಡ್, ಸ್ಪೀಡ್’ ಅಂತ ಕಿರುಚುವುದರಿಂದಲೇ ಎಷ್ಟೋ ಸಲ ವೇಗ ಜಾಸ್ತಿಯಾಗುವುದು. ಚಿಪ್ಪು ಆರಿಸುವವರನ್ನು ಕೇಳದೆ ವಿಡಿಯೋ ಮಾಡಬೇಡಿ.

ಹಿನ್ನೀರಿನ ದಡದಲ್ಲಿ ಮನೆಗಳಿವೆ, ಅಂಗಳವೇ ನೀರಿಗೆ ತಾಗಿಕೊಂಡಿರುತ್ತದೆ. ಸ್ಪೀಕರ್ ಹಚ್ಚಿ ಹಾಡು ಹಾಕಿಸಬೇಡಿ. ಕುಡಿದು ಹತ್ತಬೇಡಿ. ಚಿಪ್ಸ್ ಪ್ಯಾಕೆಟ್ಟಿನ ಹರಿದ ತುದಿಯೂ ನೀರಿಗೆ ಬೀಳದಂತೆ ನೋಡಿ. ಉಬ್ಬರದ ನೀರು ಅದನ್ನೆಲ್ಲ ಒಯ್ದು ಕಾಂಡ್ಲಾ ಬೇರುಗಳ ಸಂದಿಗೆ ತುರುಕುತ್ತದೆ. ಮೀನು, ಏಡಿ, ಸಿಗಡಿಗಳ ಮರಿಗಳು ಬೆಳೆಯುವುದು ಅಲ್ಲೇ.

ಸಾಲಿನಲ್ಲಿ ನುಗ್ಗಬೇಡಿ. ದೊಡ್ಡ ಗುಂಪಿನಲ್ಲಿ ಬಂದವರು ‘ನಮ್ಮವರು ನಾಲ್ಕೇ ಜನ ಉಳಿದಿದ್ದಾರೆ, ಅವರನ್ನೂ ಹತ್ತಿಸಿ’ ಅಂತ ಪಟ್ಟು ಹಿಡಿಯುತ್ತಾರೆ. ದೋಣಿಗೆ ಭಾರ ಹೆಚ್ಚಾಗುವುದು ಹೀಗೇ. ದೋಣಿ ನಡೆಸುವವರು ಆಗಲ್ಲ ಅಂದಾಗ ಅವರ ಪರ ಮಾತಾಡಿ. ಒಬ್ಬ ಪ್ರಯಾಣಿಕರು ದನಿಗೂಡಿಸಿದರೂ ಅವರಿಗೆ ಬಲ ಬರುತ್ತದೆ.

7. ಏನಾದರೂ ಆದರೆ

ಯಾರಾದರೂ ನೀರಿಗೆ ಬಿದ್ದರೆ ಜೋರಾಗಿ ಕೂಗಿ ಹೇಳಿ. ಒಬ್ಬರು ಅವರ ಮೇಲಿಂದ ಕಣ್ಣು ತೆಗೆಯದೆ ಕೈ ತೋರುತ್ತಲೇ ಇರಬೇಕು. ಅಲೆಗಳ ನಡುವೆ ತಲೆ ಕ್ಷಣದಲ್ಲಿ ಮರೆಯಾಗುತ್ತದೆ. ಟ್ಯೂಬ್, ಹಗ್ಗ, ಜಾಕೆಟ್, ಮುಚ್ಚಳ ಬಿಗಿದ ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆಯಿರಿ. ನೀವು ಹಾರಬೇಡಿ. ದೋಣಿ ಹತ್ತಿರ ಹೋದಾಗ ಎಂಜಿನ್ ಆಫ್ ಆಗಿರಲೇಬೇಕು.

ದೋಣಿಯೇ ಮಗುಚಿದರೆ ಅದನ್ನು ಹಿಡಿದುಕೊಂಡೇ ಇರಿ. ಮಗುಚಿದ ದೋಣಿ ಎಷ್ಟೋ ಸಲ ತೇಲುತ್ತಲೇ ಇರುತ್ತದೆ. ದಡ ಹತ್ತಿರವೇ ಇದೆ ಅನ್ನಿಸಿದರೂ ಈಜಲು ಹೊರಡಬೇಡಿ, ನೀರಿನ ಮೇಲೆ ದೂರದ ಅಂದಾಜು ಸಿಗುವುದಿಲ್ಲ. ದೋಣಿ ಮುಳುಗಿದರೆ ಒಬ್ಬರ ಕೈ ಒಬ್ಬರು ಕೋದು ಗುಂಪಾಗಿ, ಮಕ್ಕಳನ್ನು ನಡುವೆ ಇಟ್ಟುಕೊಂಡು ತೇಲಿ. ಜಾಕೆಟ್ಟಿನಲ್ಲಿ ಸೀಟಿ ಇದ್ದರೆ ಊದಿ.

ಮೇಲೆ ತಂದವರಿಗೆ ಉಸಿರಾಟ ಇಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗು ಮಾಡುವುದು, ಹೆಗಲ ಮೇಲೆ ಹೊತ್ತು ತಿರುಗಿಸುವುದು ಬೇಡ. ಅಮೂಲ್ಯ ನಿಮಿಷಗಳು ಅದರಲ್ಲೇ ಹೋಗುತ್ತವೆ. ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಯಿಟ್ಟು ಮೊದಲು ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಸಲ ಗಟ್ಟಿಯಾಗಿ, ವೇಗವಾಗಿ ಒತ್ತಿ, 2 ಸಲ ಉಸಿರು ಕೊಡಿ. ಸಹಾಯ ಬರುವ ತನಕ ನಿಲ್ಲಿಸಬೇಡಿ. ನೀರು ಕುಡಿದು ಎಚ್ಚರವಾಗಿದ್ದವರು ಕೆಮ್ಮುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ ಅವರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ನಂಬರುಗಳನ್ನು ಫೋನಿನಲ್ಲಿ ಈಗಲೇ ಹಾಕಿಕೊಳ್ಳಿ: ಎಲ್ಲ ತುರ್ತಿಗೂ 112, ಆಂಬುಲೆನ್ಸ್ 108, ಕರಾವಳಿ ಕಾವಲು ಪೊಲೀಸ್ 1093, ಕಡಲಿನಲ್ಲಿ ಅಪಾಯವಾದರೆ ಕೋಸ್ಟ್ ಗಾರ್ಡ್ 1554. ಎಲ್ಲಿಂದ ಹೊರಟಿರಿ, ಯಾವ ದಿಕ್ಕಿಗೆ, ಎಷ್ಟು ಜನ ಎಂಬ ಮೂರು ವಿಷಯ ಮೊದಲು ಹೇಳಿ.

8. ಇಳಿಯುವಾಗ, ಇಳಿದ ಮೇಲೆ

ದಕ್ಕೆ ಹತ್ತಿರ ಬರುತ್ತಿದ್ದಂತೆ ಎಲ್ಲರೂ ಏಳುತ್ತಾರೆ. ಏಳಬೇಡಿ. ಹಗ್ಗ ಕಟ್ಟಿ, ಎಂಜಿನ್ ನಿಂತ ಮೇಲೆ ಒಬ್ಬೊಬ್ಬರಾಗಿ ಇಳಿಯಿರಿ. ಜಾಕೆಟ್ ಬಿಚ್ಚುವುದು ನೆಲದ ಮೇಲೆ. ದ್ವೀಪದಲ್ಲಿ ಇಳಿದರೆ ಕಾವಲಿನವರು ತೋರಿಸಿದ ಜಾಗದಲ್ಲಿ ಮಾತ್ರ ನೀರಿಗೆ ಹೋಗಿ. ಸೇಂಟ್ ಮೇರೀಸ್‌ನ ಕಂಬದಂಥ ಕಲ್ಲುಗಳು ಪಾಚಿ ಹಿಡಿದು ಜಾರುತ್ತವೆ, ಅಲ್ಲಿ ಫೋಟೋ ತೆಗೆಯಲು ಹೋದವರು ಅಲೆಗೆ ಸಿಕ್ಕಿದ್ದಾರೆ. ಕೊನೆಯ ದೋಣಿಗೆ ಕಾಯಬೇಡಿ, ಅದರಲ್ಲೇ ನೂಕುನುಗ್ಗಲು ಜಾಸ್ತಿ.

ಜಾಕೆಟ್ ಕೊಡದೆ ಕರೆದೊಯ್ದಿದ್ದರೆ, ಮಿತಿ ಮೀರಿ ತುಂಬಿದ್ದರೆ ದೋಣಿಯ ಸಂಖ್ಯೆ, ದಿನ, ಹೊತ್ತು ಬರೆದುಕೊಂಡು ಬಂದರು ಕಚೇರಿಗೆ ಅಥವಾ ಜಿಲ್ಲೆಯ ಪ್ರವಾಸೋದ್ಯಮ ಇಲಾಖೆಗೆ ದೂರು ಕೊಡಿ. ದಕ್ಕೆಯಲ್ಲೇ ನಿಂತು ಜಗಳ ಆಡಿದರೆ ಹಿಂದಿನ ಸಾಲು ಬೆಳೆಯುತ್ತದೆ ಅಷ್ಟೆ. ಚೆನ್ನಾಗಿ ನೋಡಿಕೊಂಡವರ ಬಗ್ಗೆಯೂ ಬರೆಯಿರಿ. ‘ಜನ ಜಾಸ್ತಿಯಾದರು ಅಂತ ನಮ್ಮನ್ನು ಮುಂದಿನ ದೋಣಿಗೆ ಕಳಿಸಿದರು, ಮಕ್ಕಳ ಜಾಕೆಟ್ ತಾವೇ ಬಿಗಿದರು’ ಎಂದು ನೀವು ಗೂಗಲ್ ಮ್ಯಾಪಿನಲ್ಲಿ ಎರಡು ಸಾಲು ಹಾಕಿದರೆ ಮುಂದಿನ ವಾರ ಬರುವ ಕುಟುಂಬ ಆ ದೋಣಿಯನ್ನೇ ಹುಡುಕಿಕೊಂಡು ಹೋಗುತ್ತದೆ.